ಸುಣ್ಣ ಕೂರದ ಜಾಗ

ನಮ್ಮ ಮನೆಗೆ ಬಂದವರ ದೃಷ್ಟಿ, ಕುಶಲಪ್ರಶ್ನೆ ಮುಗಿಯುವ ಮುನ್ನವೇ, ಪಡಸಾಲೆಯ ಒಂದು ಗೋಡೆಯ ಮೇಲೆ ಹೋಗಿ ನಿಲ್ಲುತ್ತದೆ. ಅಡುಗೆಮನೆಯ ಬಾಗಿಲ ಪಕ್ಕದಲ್ಲಿ, ನೆಲದ ಮೇಲೆ ಕುಳಿತವರ ತಲೆ ತಾಗುವಷ್ಟು ಎತ್ತರದಲ್ಲಿ, ಅಂಗೈಯಗಲದ ಒಂದು ಹಳದಿ ಕಲೆಯಿದೆ. ಸಜ್ಜನರು ಅದನ್ನು ಕಂಡೂ ಕಾಣದವರಂತೆ ಎಲೆಅಡಿಕೆಯ ತಟ್ಟೆಗೆ ಕೈಹಾಕುತ್ತಾರೆ. ಅಷ್ಟು ಸಜ್ಜನರಲ್ಲದವರು ಸುಣ್ಣ ಬಳಿದವನ ಹೆಸರು ಕೇಳುತ್ತಾರೆ.

ಮೇಷ್ಟರ ಕೆಲಸದ ದೆಸೆಯಿಂದ ಚನ್ನಗಿರಿ, ಜಗಳೂರು, ಈಗ ಹೊನ್ನಾಳಿ ಎಂದು ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ದಾಟುತ್ತ ಬಂದ ನನಗೆ, ಯಾವ ಗೋಡೆಗೆ ಯಾವ ಲೇಪನ ಸಲ್ಲುತ್ತದೆಂಬ ವಿಷಯದಲ್ಲಿ, ಜನ್ಮದಲ್ಲಿ ಒಮ್ಮೆಯೂ ಕುಂಚ ಹಿಡಿಯದವನಿಗೆ ಇರಬೇಕಾದಷ್ಟು ಪಾಂಡಿತ್ಯವಿದೆ. ಅಡುಗೆಮನೆಗೆ ಸುಣ್ಣ ಬಳಿಯುವುದೆಂದರೆ ಹೊಗೆಯ ಮೇಲೆ ವ್ಯಾಜ್ಯ ಹೂಡಿದಂತೆ, ಗೆಲ್ಲುವ ಮಾತಿಲ್ಲ. ಅಲ್ಲಿಗೆ ಕೆಮ್ಮಣ್ಣೇ ಸರಿ, ಕಪ್ಪಾದರೆ ಮತ್ತೊಮ್ಮೆ ಸಾರಿಸಿದರಾಯಿತು. ನೀರು ಸಿಡಿಯುವ ಬಚ್ಚಲ ಬಾಗಿಲಿಗೂ ಬಿಸಿಲಿಗೆ ಮೈಯೊಡ್ಡುವ ಕಿಟಕಿಗೂ ಎಣ್ಣೆಬಣ್ಣ. ಪಡಸಾಲೆಗೆ ಮಾತ್ರ ಚಿಟಿಕೆ ನೀಲಿ ಬೆರೆಸಿದ ಸುಣ್ಣ, ಜೊತೆಗೆ ಮರೆಯದೆ ಸ್ವಲ್ಪ ಅಂಟು. ಈ ಅಂಟಿನ ವಿಷಯದಲ್ಲಿ ಲೋಭ ಮಾಡಿದ ಗೃಹಸ್ಥರಿಂದ ನಾನು ಬಹಳ ಅನುಭವಿಸಿದ್ದೇನೆ. ನನಗಿದ್ದದ್ದು ಒಂದೇ ಕರಿಕೋಟು, ಒರಗಿದ ಗೋಡೆಯ ಬಣ್ಣವೆಲ್ಲ ಅದಕ್ಕೆ ಮೆತ್ತುತ್ತಿತ್ತು. ಅದರ ಬೆನ್ನು ನೋಡಿ ನನ್ನ ದಿನಚರಿಯನ್ನು ಹೇಳಬಲ್ಲವರು ತರಗತಿಯಲ್ಲಿ ಹಲವರಿದ್ದರು: ಅಪ್ಪಟ ಬಿಳಿಯಾದರೆ ಪಕ್ಕದ ಬೀದಿಯ ಶ್ಯಾನುಭೋಗರ ಮನೆ, ಬೂದುಬಿಳಿಯಾದರೆ ಜಗಳೂರಿನ ಗೆಳೆಯನ ಮಾಳಿಗೆಮನೆ, ಕೆಂಪಾದರೆ ನ್ಯಾಮತಿಯಲ್ಲಿರುವ ನಮ್ಮಕ್ಕನ ಮನೆ. ಪಾಠಕ್ಕೆ ಅಷ್ಟು ಗಮನ ಕೊಟ್ಟಿದ್ದರೆ ಆ ಹುಡುಗರೆಲ್ಲ ಇಷ್ಟು ಹೊತ್ತಿಗೆ ಅಮಲ್ದಾರರಾಗಿರುತ್ತಿದ್ದರು.

ಗೋಡೆ ಹೀಗೆ ಮನುಷ್ಯನಿಗೆ ಏನಾದರೊಂದನ್ನು ಕೊಟ್ಟು ಕಳಿಸುವುದು ಎಲ್ಲರಿಗೂ ಗೊತ್ತು. ಮನುಷ್ಯರೂ ಗೋಡೆಗೆ ಕೊಡುತ್ತಾರೆಂಬುದು ನನ್ನ ಹೆಂಡತಿ ಗಿರಿಜೆಯಿಂದ ನನಗೆ ತಿಳಿಯಿತು. ಆ ಕಲೆ ಅವಳದು. ಸಂಜೆಯ ಕೆಲಸ ಮುಗಿಸಿ, ಧಾರಾಳವಾಗಿ ಎಣ್ಣೆ ಹಚ್ಚಿದ ತಲೆಯನ್ನು ಅಲ್ಲೇ ಒರಗಿಸಿ ಅವಳು ಕೂರುತ್ತಿದ್ದಳು. ಇಡೀ ಮನೆ ಬಿಟ್ಟು ಆ ಮೂಲೆಯೇ ಏಕೆ ಎಂದು ನಾನು ಕೇಳಿದ್ದಿಲ್ಲ, ಒಲೆಗೆ ಹತ್ತಿರವೆಂದುಕೊಂಡಿದ್ದೆ. ಈ ಗೋಡೆಯನ್ನು ಹಿಂಡಿದರೆ ನಂದಾದೀಪಕ್ಕೆ ಬೇರೆ ಎಣ್ಣೆ ಬೇಡವೆಂದು ಗೇಲಿ ಮಾಡುತ್ತಿದ್ದೆ. ಅವಳು ನಗುತ್ತಿದ್ದಳು; ತಲೆಯನ್ನು ಮಾತ್ರ ಅಲ್ಲಿಂದ ಸರಿಸುತ್ತಿರಲಿಲ್ಲ. ನಾನು ಶಾಲೆಯಿಂದ ಬರುವ ಹೊತ್ತಿಗೆ ಕಾಲಿಗೆ ನೀರಿನ ತಂಬಿಗೆ ಹಿಡಿದು ಅವಳು ಬಾಗಿಲಲ್ಲಿ ಸಿದ್ಧವಾಗಿರುತ್ತಿದ್ದಳು. ನನ್ನ ಮೆಟ್ಟಿನ ಸದ್ದು ಬೀದಿಯಲ್ಲಿ ಅಷ್ಟು ಪ್ರಸಿದ್ಧವೆಂದು ನಾನು ಬೀಗುತ್ತಿದ್ದೆ.

ಯುದ್ಧ ನಡೆಯುತ್ತಿದ್ದ ಕಾಲದಲ್ಲಿ, ಒಂದು ಮಳೆಗಾಲದ ಜ್ವರದಲ್ಲಿ ಗಿರಿಜೆ ಹೋದಳು. ನಮಗೆ ಮಕ್ಕಳಿರಲಿಲ್ಲ. ಅವಳ ಸೀರೆಗಳನ್ನು ಪದ್ಧತಿಯಂತೆ ಅವರಿವರಿಗೆ ಕೊಟ್ಟಾಯಿತು. ಫೋಟೋ ತೆಗೆಸುವ ಮಾತು ಬಂದಾಗಲೆಲ್ಲ ಮುಂದಿನ ವರ್ಷವೆಂದು ಹೇಳುತ್ತಲೇ ಬಂದಿದ್ದೆವು. ಸಾವಾದ ಮನೆಗೆ ವರ್ಷ ತುಂಬುವವರೆಗೆ ಹಬ್ಬವೂ ಇಲ್ಲ, ಸುಣ್ಣವೂ ಇಲ್ಲ. ಬೀದಿಯ ಮನೆಗಳೆಲ್ಲ ಯುಗಾದಿಗೆ ಬೆಳ್ಳಗಾದಾಗ ನಮ್ಮದೊಂದು ಮಂಕಾಗಿ ನಿಂತಿತ್ತು. ಜನ ಅದನ್ನು ನೋಡಿ ಮರುಗುತ್ತಿದ್ದರು. ನನಗೋ ಆ ಕಟ್ಟಳೆ ಮಾಡಿದ ಹಿರಿಯರ ಕಾಲಿಗೆ ಬೀಳಬೇಕೆನ್ನಿಸುತ್ತಿತ್ತು, ಏಕೆಂದರೆ ಆ ಕಲೆಯೊಂದನ್ನು ಬಿಟ್ಟರೆ ಅವಳದೆನ್ನುವುದು ಆ ಮನೆಯಲ್ಲಿ ಬೇರೇನೂ ಉಳಿದಿರಲಿಲ್ಲ. ಸಂಜೆ ಗೋಡೆಗೆ ಎದುರಾಗಿ ನನ್ನ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. ಗೋಡೆಯೊಡನೆ ಮಾತಾಡುವಷ್ಟು ಕೆಟ್ಟಿರಲಿಲ್ಲವೆಂದು ಹೇಳಿಕೊಳ್ಳಬೇಕೆಂದಿದೆ, ಆದರೆ ಒಂದೆರಡು ಸಲ ಪಕ್ಕದ ಮನೆಯವರು ನೆಂಟರು ಬಂದಿದ್ದಾರೆಯೇ ಎಂದು ಕೇಳಿದ್ದುಂಟು.

ವರ್ಷಾಂತಿಕವಾದದ್ದೇ ನ್ಯಾಮತಿಯಿಂದ ಬಂದಿದ್ದ ಅಕ್ಕ ಸುಣ್ಣದ ಹನುಮಂತಪ್ಪನನ್ನು ಕರೆಸಿದಳು. ಬೇಡವೆನ್ನಲು ನನ್ನಲ್ಲಿ ಕಾರಣವಿರಲಿಲ್ಲ; ಇದ್ದ ಕಾರಣ ಹೇಳುವಂಥದ್ದಾಗಿರಲಿಲ್ಲ. ಸುಣ್ಣದ ಸ್ವಭಾವ ನಿಮಗೆ ಗೊತ್ತಲ್ಲ, ಹಸಿಯಿದ್ದಾಗ ಏನನ್ನೂ ಮುಚ್ಚುವುದಿಲ್ಲ, ಒಣಗುತ್ತ ಒಣಗುತ್ತ ಬೆಳ್ಳಗಾಗುತ್ತದೆ. ಮಧ್ಯಾಹ್ನವೆಲ್ಲ ಕುಳಿತು ಆ ಕಲೆ ಮಾಸುವುದನ್ನು ನೋಡಿದೆ. ಬಿಸಿಲಿಳಿಯುವಾಗ ಅದು ಇರಲಿಲ್ಲ. ಅವಳನ್ನು ಮೊದಲ ಸಲ ಕಳೆದುಕೊಂಡಾಗ ಅಳಲು ಮನೆ ತುಂಬ ಜನರಿದ್ದರು, ಈ ಸಲ ನಾನೊಬ್ಬನೇ ಇದ್ದೆ.

ಆದರೆ ತಿಂಗಳು ಕಳೆಯುವುದರೊಳಗೆ ಬಿಳಿಯ ಒಳಗಿಂದ ತೆಳುಹಳದಿಯೊಂದು ಒಸರತೊಡಗಿತು. ಮತ್ತೆರಡು ವಾರಕ್ಕೆ ಅಲ್ಲಿನ ಸುಣ್ಣ ಹೊಪ್ಪಳಿಕೆಯೆದ್ದು ಉದುರಿ, ಗಿರಿಜೆ ತನ್ನ ಜಾಗಕ್ಕೆ ಬಂದು ಕೂತಳು. ಹನುಮಂತಪ್ಪನ ಮುಖ ಸಣ್ಣದಾಯಿತು; ಇನ್ನೊಂದು ಕೈ ಬಳಿದುಕೊಡುತ್ತೇನೆಂದ. ನಾನು ಔದಾರ್ಯವನ್ನು ನಟಿಸಿ, ಇರಲಿ ಬಿಡಪ್ಪ ಎಂದು ಕಳಿಸಿದೆ. ಅಂದು ಬಹುದಿನಗಳ ಮೇಲೆ ಎರಡನೆಯ ಸಲ ಅನ್ನ ಬಡಿಸಿಕೊಂಡೆ.

ಯುದ್ಧ ಮುಗಿದು, ಅಂಗಡಿಗಳಲ್ಲಿ ಎಣ್ಣೆಬಣ್ಣದ ಡಬ್ಬಿಗಳು ಮತ್ತೆ ಕಾಣಿಸಿಕೊಂಡದ್ದೇ ನನಗೆ ನಿಜವಾದ ಸಂಕಟ ಒದಗಿತು. ದೀಪಾವಳಿಗೆ ಬಂದ ಅಕ್ಕನ ಚೀಲದಲ್ಲಿ ಹಸಿರು ಬಣ್ಣದ ಒಂದು ಡಬ್ಬಿಯಿತ್ತು.

“ಎಣ್ಣೆ ಮ್ಯಾಲೆ ಸುಣ್ಣ ಕೂರಾಕಿಲ್ಲ ಕಣೋ. ಇದನ್ನ ಹಚ್ಚಿದ್ರೆ ಕಲೆ ಜನ್ಮದಾಗೆ ಮ್ಯಾಲೆ ಬರಲ್ಲ. ಹೊಸದಾಗಿ ಏನಾರ ಮೆತ್ತಿದ್ರೂ ಒದ್ದೆ ಬಟ್ಟೇಲಿ ಒರೆಸಿದ್ರೆ ಹೋಗ್ತೈತೆ,” ಎಂದಳು.

ಅವಳು ಆ ಬಣ್ಣವನ್ನು ಹೊಗಳುತ್ತಿದ್ದಳು. ಒರೆಸಿದರೆ ಹೋಗುತ್ತದೆಂಬ ಮಾತು ನನಗೆ ಎಲ್ಲಿ ತಾಗಿತೆಂದು ಅವಳಿಗೇನು ಗೊತ್ತು? ಎಣ್ಣೆಬಣ್ಣ ಪಡಸಾಲೆಗೆ ಸಲ್ಲದೆಂದು ನನ್ನ ಶಾಸ್ತ್ರವನ್ನೆಲ್ಲ ಬಿಚ್ಚಿದೆ. ಸೆಕೆ ಎಂದೆ, ಗೋಡೆ ಬೆವರುತ್ತದೆ ಎಂದೆ, ಹೊಳಪು ಕಣ್ಣಿಗೆ ಕೇಡು ಎಂದೆ. ಅಕ್ಕ ಯಾವುದನ್ನೂ ಕಿವಿಗೆ ಹಾಕಿಕೊಳ್ಳದೆ, ಬಸ್ಸಿನ ದಣಿವಾರಿಸಿಕೊಳ್ಳಲು ಅದೇ ಗೋಡೆಗೆ ಬೆನ್ನು ಕೊಟ್ಟು ಕುಳಿತು ತಲೆಯೊರಗಿಸಿದಳು. ಡಬ್ಬಿ ಅವಳ ಮಡಿಲಲ್ಲಿತ್ತು. ಅವಳ ಕಣ್ಣು ಎದುರಿಗೆ ಹೋಗಿ ನಿಂತಿತು.

“ಇಲ್ಲಿ ಕುಂತ್ರೆ ಬೀದಿ ಬಾಗ್ಲು ನೆಟ್ಟಗೆ ಕಾಣ್ತೈತಲ್ಲೋ,” ಎಂದಳು ಆಮೇಲೆ, ದನಿ ತಗ್ಗಿಸಿ. “ನೀನು ಬರಾದನ್ನ ನೋಡಾಕೆ ಕೂರ್ತಿದ್ಲು ಕಣೋ ಗಿರಿಜಾ.”

ಇಷ್ಟು ವರ್ಷ ಆ ಗೋಡೆಯನ್ನು ಎದುರಿನಿಂದ ನೋಡಿದ್ದೆನೇ ಹೊರತು, ಅಲ್ಲಿ ಕುಳಿತು ಏನು ಕಾಣುತ್ತದೆಂದು ಒಮ್ಮೆಯೂ ನೋಡಿರಲಿಲ್ಲ. ನನ್ನ ಮೆಟ್ಟು ಸದ್ದು ಮಾಡುತ್ತಿದ್ದಿಲ್ಲವೆಂದು ಕಾಣುತ್ತದೆ. ಅಕ್ಕ ಕಣ್ಣೊರೆಸಿಕೊಂಡು ಎದ್ದು, ಈ ಬಣ್ಣ ಬಚ್ಚಲ ಬಾಗಿಲಿಗಿರಲಿ ಎಂದು ಡಬ್ಬಿಯನ್ನು ಹಿತ್ತಲಿಗೆ ಒಯ್ದಳು. ಬಚ್ಚಲ ಬಾಗಿಲು ಈಗ ಹಸಿರಾಗಿ ಥಳಥಳಿಸುತ್ತಿದೆ, ನನ್ನ ಶಾಸ್ತ್ರಕ್ಕೂ ಭಂಗ ಬಂದಿಲ್ಲ.

ಈಚೆಗೆ ಸಂಜೆ ನಾನು ಕುರ್ಚಿಯಲ್ಲಿ ಕೂರುವುದನ್ನು ಬಿಟ್ಟಿದ್ದೇನೆ. ಇದ್ದಷ್ಟು ಕೂದಲಿಗೆ ಎಣ್ಣೆ ಹಚ್ಚಿಕೊಂಡು, ಅಲ್ಲೇ ನೆಲದ ಮೇಲೆ ಒರಗಿ ಬೀದಿ ಬಾಗಿಲನ್ನು ನೋಡುತ್ತಿರುತ್ತೇನೆ. ಬಾಗಿಲು ತೆರೆದೇ ಇರುತ್ತದೆ, ಬರುವವರು ಯಾರೂ ಇಲ್ಲ. ಮೊನ್ನೆ ಬಂದ ಅಷ್ಟು ಸಜ್ಜನರಲ್ಲದ ಮಿತ್ರರೊಬ್ಬರು ಗೋಡೆಯನ್ನು ದಿಟ್ಟಿಸಿ, ಕಲೆ ಮೇಲಕ್ಕೆ ಬೆಳೆಯುತ್ತಿದೆಯಲ್ಲ ಮೇಷ್ಟರೆ ಎಂದರು. ಹೌದು, ಗಿರಿಜೆಗಿಂತ ನಾನು ಒಂದು ಗೇಣು ಎತ್ತರ.