ಐಸ್ ಆಟಕ್ಕೆ ಒಯ್ದ ಶಾಲು

ಮನುಷ್ಯನಾದವನು ಒಮ್ಮೆಯಾದರೂ ಹಿಮದ ಎದುರು ನಿಂತು ತನ್ನ ಅಲ್ಪತ್ವವನ್ನು ಅರಿತುಕೊಳ್ಳಬೇಕು ಎಂದು ಹಿರಿಯರು ಹೇಳಿದ್ದಾರೆ. ಯಾವ ಹಿರಿಯರು ಎಂದು ಕೇಳಬೇಡಿ. ನಮ್ಮ ಪೈಕಿ ಹಿರಿಯರೆಲ್ಲ ಬ್ಯಾಡಗಿಯ ಬಿಸಿಲಿನಲ್ಲಿ ಮೆಣಸಿನಕಾಯಿ ಒಣಗಿಸಿದವರು. ಅವರು ಐಸ್ ಕಂಡದ್ದು ಕಬ್ಬಿನ ಹಾಲಿನ ಗ್ಲಾಸಿನೊಳಗೆ.

ಹಾವೇರಿಯ ಸರಕಾರಿ ಕಚೇರಿಯಲ್ಲಿ ಕಾರಕೂನಿಕೆ ಮಾಡಿ ನಿವೃತ್ತನಾದ ನನಗೂ ಹಿಮದ ಅಗತ್ಯ ಬಿದ್ದಿರಲಿಲ್ಲ. ಆದರೆ ಆ ಬೇಸಿಗೆ ರಾಣೆಬೆನ್ನೂರಿಗೆ ಒಂದು ಕಂಪನಿ ಬಂದು, ಊರ ಹೊರಗಿನ ಬಯಲಿನಲ್ಲಿ ತಗಡಿನ ದೊಡ್ಡ ಮಂಟಪ ಹಾಕಿ, ಒಳಗೆ ಐಸಿನ ನೆಲ ಮಾಡಿತು. ಕಾರ್ಟೂನ್ ಸಿನಿಮಾಗಳ ಕಥೆಗಳನ್ನು ಅದರ ಮೇಲೆ ಜಾರುತ್ತ ಆಡಿ ತೋರಿಸುತ್ತಾರಂತೆ. ಟಿಕೀಟು ತೆಗೆಸಿದವನು ನಮ್ಮ ಅಳಿಯ. ಅಲ್ಲಿಯೇ ಒಂದು ಬೀಜದ ಕಂಪನಿಯಲ್ಲಿ ಕೆಲಸದಲ್ಲಿದ್ದಾನೆ.

ಅಳಿಯ ಎಂದು ಈಗಲೂ ಅನ್ನುತ್ತೇನೆ. ನಮ್ಮ ಮಗಳು ಕಾಮಣಿ ಬೇನೆಯಾಗಿ ತೀರಿಕೊಂಡಾಗ ಅವಳ ಕೂಸು ಇನ್ನೂ ಬಾಲವಾಡಿಗೆ ಹೋಗುತ್ತಿತ್ತು. ಅಂದಿನಿಂದ ಮೊಮ್ಮಗಳು ಬ್ಯಾಡಗಿಯಲ್ಲಿ ನಮ್ಮ ಹತ್ತಿರವೇ ಬೆಳೆದಳು. ಹೋದ ವರ್ಷ ಅಳಿಯ ಮೇಡ್ಲೇರಿಯ ಹೆಣ್ಣನ್ನು ಮದುವೆಯಾದ. ಆಗು ಎಂದು ಹೇಳಿದವರಲ್ಲಿ ನಾನೂ ಒಬ್ಬ. ಈಗ ಮಗಳನ್ನು ಮನೆಗೆ ಕರೆದೊಯ್ಯಬೇಕೆಂದು ಅವನ ಆಸೆ. ನಮ್ಮ ಮನೆಗೆ ಬಂದು, ಕೊಟ್ಟ ಚಹಾ ಆರುವ ತನಕ ನೆಲ ನೋಡುತ್ತ ಕೂತು, ಕಡೆಗೆ ಅಂದ:

"ಮಾವಾರ, ಜುಲುಮಿ ಮಾಡೂದಿಲ್ಲ. ಎಲ್ಲಾರೂ ಕೂಡಿ ಆ ಐಸ್ ಆಟ ನೋಡೋಣ. ಆಮ್ಯಾಲ ಅಕಿ ಬರತೇನಿ ಅಂದ್ರ ಕರಕೊಂಡು ಹೋಗತೇನಿ. ಒಲ್ಲೆ ಅಂದ್ರ ನಿಮ್ಮ ಕಡೇನ ಇರಲಿ."

ನನ್ನ ಹೆಂಡತಿ ಒಳಗಿನಿಂದ ಏನೂ ಅನ್ನಲಿಲ್ಲ. ಅವಳು ಏನೂ ಅನ್ನದಿದ್ದರೆ ಅದು ಒಪ್ಪಿಗೆಯಲ್ಲ, ತಯಾರಿ.

ಆಟದ ದಿನ ಅವಳು ಕಬ್ಬಿಣದ ಟ್ರಂಕು ತೆಗೆದಳು. ಐಸ್ ಅಂದಮೇಲೆ ಥಂಡಿ ಇದ್ದೇ ಇರುತ್ತದೆ ಎಂದು ನನಗೆ ಸ್ವೆಟರ್, ಮಫ್ಲರ್ ಕೊಟ್ಟಳು, ಅದೂ ಬೇಸಿಗೆಯ ನಡುಮಧ್ಯಾಹ್ನ. ಕಡೆಗೆ ತಳದಿಂದ ಮಗಳ ಕೆಂಪು ಉಣ್ಣೆಯ ಶಾಲು ತೆಗೆದಳು. ಅವಳು ಹೋದಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ.

"ಇದ್ಯಾಕ?" ಅಂದೆ.

"ಕೂಸಿಗೆ ಥಂಡಿ ಆಗತೈತಿ."

"ಕೂಸಿಗೆ ಸ್ವೆಟರ್ ಐತಲ್ಲ."

"ಅವರವ್ವ ಯಾರು ಅನ್ನೂದು ಅಕಿಗೆ ನೆನಪಿರಲಿ," ಅಂದಳು. ನಾನು ಮಫ್ಲರ್ ಸುತ್ತಿಕೊಂಡೆ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಮನೆಯಲ್ಲಿ ಉಣ್ಣೆಗೆ ಹುಳ ಬೀಳದಂತೆ ಬಟ್ಟೆಯ ಮಡಿಕೆಯೊಳಗೆ ಒಣಮೆಣಸಿನಕಾಯಿ ಇಟ್ಟಿರುತ್ತಾರೆ. ಅದೂ ಬ್ಯಾಡಗಿ ಕಾಯಿ ಅಲ್ಲ. ನಮ್ಮ ಕಾಯಿಯದು ಬಣ್ಣದ ಕೀರ್ತಿ, ಹುಳಗಳು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದಕ್ಕಾಗಿ ಹೊರಗಿನಿಂದ ಬಂದ ಖಾರದ ಕಾಯಿ. ಹೆಂಡತಿ ಕಾಯಿಗಳನ್ನೆಲ್ಲ ಆರಿಸಿ ತೆಗೆದು ಶಾಲನ್ನು ಚೀಲಕ್ಕೆ ಹಾಕಿದಳು. ಕಾಯಿ ಹೋಗಿತ್ತು, ಪುಡಿ ಇತ್ತು.

ರೈಲಿನಲ್ಲಿ ರಾಣೆಬೆನ್ನೂರಿಗೆ ಹೋಗಿ, ಅಲ್ಲಿಂದ ಆಟೋ ಹಿಡಿದು ಬಯಲು ಮುಟ್ಟಿದೆವು. ಬಾಗಿಲಲ್ಲಿ ಅಳಿಯ ಮತ್ತು ಅವನ ಹೆಂಡತಿ ನಿಂತಿದ್ದರು. ಆಕೆ ನಮ್ಮಿಬ್ಬರ ಕಾಲಿಗೆ ಬಿದ್ದಳು. ಮೊಮ್ಮಗಳು ತನ್ನ ಆಯಿಯ, ಅಂದರೆ ನನ್ನ ಹೆಂಡತಿಯ, ಸೆರಗಿನ ಹಿಂದೆ ಸರಿದಳು. ಅಪ್ಪನ ಹೊಸ ಹೆಂಡತಿ ಸಂಬಂಧದಲ್ಲಿ ಚಿಗವ್ವ ಆಗಬೇಕು, ಆದರೆ ಮೊಮ್ಮಗಳು ಆಕೆಯನ್ನು ಅಲ್ಲಿಯತನಕ ಏನೆಂದೂ ಕರೆದಿರಲಿಲ್ಲ. ಹೆಂಡತಿಯ ಮುಖದಲ್ಲಿ ಒಂದು ಸಣ್ಣ ಸಮಾಧಾನ ಕಂಡಿತು.

ಒಳಗೆ ಪಾದಕ್ಕೆ ಕಾಶ್ಮೀರ, ನೆತ್ತಿಗೆ ರಾಣೆಬೆನ್ನೂರು. ಮೊಮ್ಮಗಳ ಒಂದು ಬದಿಗೆ ಆಯಿ, ಇನ್ನೊಂದು ಬದಿಗೆ ಚಿಗವ್ವ. ಆಯಿಯ ಆಚೆ ನಾನು, ಬೆವರುತ್ತ. ಕಾಲಿಗೆ ಅಲಗು ಕಟ್ಟಿಕೊಂಡ ಸಿಂಹಗಳು ಬಂದವು, ಮೀನುಗಳು ಬಂದವು, ಒಬ್ಬ ರಾಜಕುಮಾರಿ ಬಿದ್ದು ಬೀಳದವಳಂತೆ ಎದ್ದಳು. ಕಥೆಗಳೆಲ್ಲ ಮೊಮ್ಮಗಳಿಗೆ ಬಾಯಿಪಾಠವಾಗಿದ್ದವು; ನನಗೆ ಮೀನು ಯಾಕೆ ಅಳುತ್ತದೆ ಎಂದೂ ತಿಳಿಯಲಿಲ್ಲ.

ಆಮೇಲೆ ದೀಪ ಕಡಿಮೆಯಾಗಿ ಒಂದು ಕರಡಿ ಮರಿ ಒಂಟಿಯಾಗಿ ಬಂತು. ತಾಯಿಯನ್ನು ಕಳೆದುಕೊಂಡಿದೆ, ಹುಡುಕುತ್ತ ಆ ಮೂಲೆಯಿಂದ ಈ ಮೂಲೆಗೆ ಜಾರುತ್ತಿದೆ. ಮೊಮ್ಮಗಳು ಕಾಲು ಆಡಿಸುವುದನ್ನು ನಿಲ್ಲಿಸಿದಳು. ಹೆಂಡತಿ ಕಾದದ್ದು ಇಂಥದೇ ಹೊತ್ತಿಗೆ ಇರಬೇಕು. ಚೀಲದಿಂದ ಶಾಲು ತೆಗೆದಳು. ಟ್ರಂಕಿನ ಬಟ್ಟೆಯನ್ನು ಝಾಡಿಸದೆ ಯಾರಿಗೂ ಹೊದಿಸಬಾರದು ಎಂಬುದು ನಮ್ಮ ಮನೆಯ ರೀತಿ. ಎದ್ದು ನಿಂತು, ಎರಡೂ ಕೈಯಿಂದ ಚೆನ್ನಾಗಿ ಝಾಡಿಸಿದಳು.

ಮೊದಲು ನಾನು ಸೀನಿದೆ. ಆಮೇಲೆ ನಮ್ಮ ಸಾಲು, ಆಮೇಲೆ ಮುಂದಿನ ಸಾಲು.

"ಯಾರ್ರೀ ಅದು, ಇಲ್ಲೇ ಮೆಣಸಿನಕಾಯಿ ಹುರಿಯಾಕತ್ತವರು?" ಮುಂದೆ ಕೂತ ಗೃಹಸ್ಥ ಮೂಗು ಹಿಡಿದು ತಿರುಗಿದ.

"ಹುರಿದಿಲ್ಲರಿ. ಝಾಡಿಸ್ಯಾರ," ಅಂದೆ.

"ಯಾವೂರವರ್ರೀ ನೀವು?"

"ಬ್ಯಾಡಗಿ."

"ಹಂಗಂದ್ರ ಸರಿ ಬಿಡ್ರಿ," ಅಂದು ಆತ ಮತ್ತೆ ಕರಡಿಯ ಕಡೆ ತಿರುಗಿದ.

ಮೊಮ್ಮಗಳಿಗೆ ಏನೂ ಆಗಲಿಲ್ಲ. ಮೆಣಸಿನ ಊರಿನ ಕೂಸು. ಶಾಲು ಹೊದ್ದು ಅದರಲ್ಲಿ ಮುಖ ಹುದುಗಿಸಿದಳು. ಆದರೆ ಪುಡಿಯ ಬಹುಪಾಲು ಹೋದದ್ದು ಆಚೆ ಬದಿಗೆ. ಮೇಡ್ಲೇರಿಯ ಹುಡುಗಿಯ ಕಣ್ಣು ಕೆಂಪಾಗಿ, ನೀರು ಗಲ್ಲದಿಂದ ಇಳಿಯುತ್ತಿತ್ತು. ಸೀನು ತಡೆದುಕೊಂಡು ಎದುರಿಗೆ ನೋಡುತ್ತ ಕೂತಿದ್ದಳು.

ಮೊಮ್ಮಗಳು ಅದನ್ನು ಕಂಡಳು. ಒಮ್ಮೆ ಕರಡಿ ಮರಿಯನ್ನು, ಒಮ್ಮೆ ಇವಳನ್ನು ನೋಡಿದಳು.

"ಅಳಬ್ಯಾಡ," ಅಂದಳು. "ಅದಕ್ಕ ಅವರವ್ವ ಸಿಗತಾಳ. ನಾ ಫೋನಿನ್ಯಾಗ ನೋಡೇನಿ."

"ಖರೇನ ಸಿಗತಾಳೇನವಾ?"

"ಹೂಂ. ಸಿನಿಮಾದಾಗ ಸಿಗತಾಳ."

ಹಾಗೆಂದು ಶಾಲಿನ ಸೆರಗಿನಿಂದಲೇ ಅವಳ ಕಣ್ಣು ಒರೆಸಿದಳು. ಒರೆಸಿದಷ್ಟೂ ನೀರು ಹೆಚ್ಚಾಯಿತು, ಹೆಚ್ಚಾದಷ್ಟೂ ಒರೆಸಿದಳು. ಆ ಹುಡುಗಿ ಕೂಸಿನ ಕೈ ಸರಿಸಲಿಲ್ಲ. ಎಷ್ಟು ಉರಿದಿರಬೇಕು ಎಂದು ನನಗೆ ಗೊತ್ತು. ಮುಖ ಮುಂದೆ ಮಾಡಿಯೇ ಕೂತಿದ್ದಳು.

ಆಟ ಮುಗಿದು ಹೊರಗೆ ಬಂದಾಗ ಅಳಿಯ ನೀರಿನ ಬಾಟಲಿ ತಂದ. ಕಣ್ಣು ತೊಳೆದುಕೊಳ್ಳುತ್ತಿದ್ದ ಚಿಗವ್ವನ ಎದುರು ಮೊಮ್ಮಗಳು ಶಾಲು ಹೊದ್ದೇ ನಿಂತಿದ್ದಳು.

"ನಿಮ್ಮ ಮನ್ಯಾಗ ಮೆಣಸಿನಕಾಯಿ ಇಲ್ಲೇನು?"

"ಅಡಗಿಗೆ ಬೇಕಾದಷ್ಟ ಐತವಾ. ನಮ್ಮೂರು ಹೊಳಿ ದಂಡಿಮ್ಯಾಲಿನದು. ಭತ್ತ ಬೆಳೀತಾರ."

"ಅದಕ್ಕ ನಿನಗ ರೂಢಿ ಇಲ್ಲ," ಅಂದು ಮೊಮ್ಮಗಳು ಸ್ವಲ್ಪ ಯೋಚಿಸಿದಳು. "ನಾ ಬಂದು ಕಲಿಸತೇನಿ, ಚಿಗವ್ವ."

ಅಳಿಯ ನನ್ನ ಕಡೆ ನೋಡಿದ. ನಾನು ಮಫ್ಲರ್ ಬಿಚ್ಚಿ ಮಡಚತೊಡಗಿದೆ. ಅದಕ್ಕೆ ಅಷ್ಟು ಮಡಿಕೆ ಬೇಕಾಗಿರಲಿಲ್ಲ.

ರೈಲಿನಲ್ಲಿ ಮೊಮ್ಮಗಳು ನನ್ನ ತೊಡೆಯ ಮೇಲೆ ಮಲಗಿದಳು. ಹೆಂಡತಿ ಕಿಟಕಿಯ ಕಡೆ ಮುಖ ಮಾಡಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಮೆಣಸಿನಕಾಯಿ ತೊಟ್ಟು ಬಿಡಿಸುವವರ ಮನೆಯಲ್ಲಿ ಹುಟ್ಟಿ ಬೆಳೆದವಳು. ಘಾಟಿಗೆ ಅವಳ ಕಣ್ಣು ಒದ್ದೆಯಾದದ್ದನ್ನು ನಾನು ಕಂಡದ್ದಿಲ್ಲ.

"ಘಾಟು," ಅಂದಳು.

"ಹೌದು, ಜೋರ ಐತಿ," ಅಂದೆ.

ಶಾಲೆ ಸುರುವಾಗುವ ಮುಂಚೆ ಅಳಿಯ ಬಂದು ಮೊಮ್ಮಗಳನ್ನು ಕರೆದುಕೊಂಡು ಹೋದ. ಅವಳು ಈಗ ರಾಣೆಬೆನ್ನೂರಿನಲ್ಲಿ ಓದುತ್ತಾಳೆ. ಶಾಲೂ ಅಲ್ಲೇ ಇದೆ.