ಫರ್ನೇಸಿನ ಇಟ್ಟಿಗೆಯ ಮೇಲೆ ಬೆಂದ ಬ್ರೆಡ್ಡು

ತಾರಸಿಯ ಮೇಲೆ ಒಲೆ ಕಟ್ಟಿದ್ದು ಮಳೆಗಾಲದಲ್ಲಿ. ಹೀಗೆಂದು ಬಂದವರಿಗೆಲ್ಲ ಹೇಳಿದ್ದೇನೆ. ಹೇಳಿ ಹೇಳಿ ಆ ಮಳೆ ನಿಜವಾಗಿಬಿಟ್ಟಿದೆ. ಕಣ್ಣು ಮುಚ್ಚಿದರೆ ಚಿಕ್ಕಬಾಣಾವರದ ನಮ್ಮ ಮನೆಯ ಮೆಟ್ಟಿಲ ಮೇಲೆ ಕೆಸರು ಹೆಜ್ಜೆಗಳು ಕಾಣುತ್ತವೆ. ಹೆಂಡತಿ ಮಾತ್ರ ಆವತ್ತು ಸುಡುಬಿಸಿಲಿತ್ತು, ಒಣಹಾಕಿದ್ದ ಹಪ್ಪಳದ ಮೇಲೆ ನಾನು ಇಟ್ಟಿಗೆ ಇಳಿಸಿದೆ ಎನ್ನುತ್ತಾಳೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಪೀಣ್ಯದಲ್ಲಿ ಉಕ್ಕಿನ ಬಿಡಿಭಾಗಗಳನ್ನು ಕಾಯಿಸಿ ಗಟ್ಟಿ ಮಾಡುವುದು ನನ್ನ ಕೆಲಸ. ಉಕ್ಕು ಎಷ್ಟು ಕಾದಿದೆ ಎಂದು ಮೀಟರ್ ನೋಡುವ ಮೊದಲೇ ಅದರ ಬಣ್ಣ ಹೇಳುತ್ತದೆ. ಒಂದು ದಿನ ಮಗಳು ನನ್ನ ಅಂಗೈ ಮೂಸಿ, "ಅಪ್ಪಾ, ನಿನ್ ಕೈ ಬೀಗದ ಥರ ವಾಸನೆ" ಎಂದಳು. ಬೈಗುಳವಲ್ಲ ಅದು, ಬರೀ ವರದಿ. ಆದರೂ ಅಲ್ಲಿಂದ ಏನೋ ಶುರುವಾಯಿತು. ಶಾಂಪೂ ಹೋಗಿ ಸೀಗೆಕಾಯಿ ಬಂತು, ಗಾಣದ ಎಣ್ಣೆ ಬಂತು, ಬಿಸ್ಕತ್ತಿನ ಡಬ್ಬದಲ್ಲಿ ಹುರಿಗಡಲೆ, ಬೆಲ್ಲ ಬಂದವು. ಟೂತ್‌ಪೇಸ್ಟ್ ಹೋದ ದಿನ ಹೆಂಡತಿ ಕೇಳಿದಳು, "ರೀ, ಮುಂದಿನ ತಿಂಗಳು ಬಟ್ಟೆನೂ ಬಿಡಿಸ್ತೀರಾ?"

ಬ್ರೆಡ್ಡು ಕೊನೆಗೆ ಬಂತು, ಅದಕ್ಕೆಂದೇ ಕೆಲಸದ ಜಾಗದಿಂದ ಹಳೆಯ ಫರ್ನೇಸಿನ ಇಟ್ಟಿಗೆ ತಂದು ತಾರಸಿಯ ಒಲೆ ಕಟ್ಟಿದ್ದು. ಗೋಧಿಹಿಟ್ಟಿಗೆ ಸ್ವಲ್ಪ ರಾಗಿ ಸೇರಿಸಿ, ನೀರಲ್ಲಿ ಕಲಸಿ, ದಿನಾ ಒಂದು ಮುಷ್ಟಿ ಹಿಟ್ಟು ಹಾಕುತ್ತಾ ಹೋದರೆ ಅದು ತಾನಾಗಿಯೇ ಹುಳಿ ಬಂದು ಉಸಿರಾಡತೊಡಗುತ್ತದೆ. ಈಸ್ಟ್ ಬೇಕಿಲ್ಲ. ಮೊದಲ ಸಲ ಬ್ರೆಡ್ಡಿನ ವಾಸನೆ ಕೆಳಗಿಳಿದಾಗ ಕೆಳಮನೆಯವರು ಮೆಟ್ಟಿಲ ಬುಡಕ್ಕೆ ಬಂದು, "ಏನ್ ಸಾರ್, ಯಾರಿಗ್ ಹುಷಾರಿಲ್ಲ?" ಎಂದು ಗಾಬರಿಯಿಂದ ಕೇಳಿದರು. ನಮ್ಮ ಕಡೆ ಬ್ರೆಡ್ಡೆಂದರೆ ಜ್ವರದವರ ಊಟ. ಯಾರಿಗೂ ಏನೂ ಆಗಿಲ್ಲ ಎಂದು ಬಿಸಿ ತುಂಡೊಂದನ್ನು ಅವರ ಕೈಗಿಟ್ಟೆ. ಅವರು ಅದನ್ನು ಹಾಲಲ್ಲಿ ಅದ್ದಿ ತಿಂದರಂತೆ.

ಎಂಟು ತಿಂಗಳು ಪ್ರತಿ ಭಾನುವಾರ ಹೀಗೇ ನಡೆಯಿತು. ಆ ಭಾನುವಾರಗಳು ಒಂದರಿಂದೊಂದು ಬೇರೆಯಾಗಿ ನನ್ನಲ್ಲಿ ಉಳಿದಿಲ್ಲ, ಕಲಸಿದ ಹಿಟ್ಟಿನ ಹಾಗೆ ಒಂದೇ ಮುದ್ದೆ. ಮುಂಜಾನೆಯ ಮಂಜಿನಲ್ಲಿ ಪೀಣ್ಯದ ಕಡೆಯ ಶೆಡ್ಡುಗಳು ಕರಗಿಹೋಗಿವೆ. ಸ್ಟೇಷನ್ನಿನಲ್ಲಿ ರೈಲು ನಿಂತಿದೆ, ಹೊರಟಂತೆ ಕಾಣುತ್ತದೆ, ಹೊರಟಿಲ್ಲ. ಕಾದ ಇಟ್ಟಿಗೆಯಿಂದ ಕೆಂಡ ಗುಡಿಸಿ ತೆಗೆದು, ಹಿಟ್ಟು ಚಿಮುಕಿಸಿ, ಅದರ ಮೇಲೇ ಬ್ರೆಡ್ಡಿನ ಉಂಡೆ ಜಾರಿಸುತ್ತೇನೆ. ಕಂಬಳಿ ಹೊದ್ದ ಮಗಳು ಒಲೆಯ ಬಾಯಿಯ ಮುಂದೆ ಕೂತು, ಉಬ್ಬುವುದನ್ನು ನೋಡುತ್ತಾ, "ಅದು ಕನಸು ಕಾಣ್ತಿದೆ" ಎನ್ನುತ್ತಾಳೆ. ಹಾಗೆ ಅಂದದ್ದು ಅವಳೋ ನಾನೋ, ಆಣೆ ಮಾಡಲಾರೆ. ತಳದ ಸುಟ್ಟ ಸಿಪ್ಪೆಯಂತೂ ಯಾವಾಗಲೂ ಅವಳಿಗೇ.

ಒಂದು ಭಾನುವಾರ, ಒಲೆ ಹಚ್ಚುವ ಮೊದಲೇ, ನನಗೆ ಕೆಲಸ ಕಲಿಸಿ ನಿವೃತ್ತರಾದ ಹಿರಿಯರು ಬ್ರೆಡ್ಡು ನೋಡಲೆಂದು ಬಂದರು. ಬಗ್ಗಿ ಒಲೆಯೊಳಗೆ ಕೈ ಹಾಕಿ, ಇಟ್ಟಿಗೆಯನ್ನು ಉಗುರಿನಿಂದ ಕೆರೆದರು. ಬೆಳ್ಳನೆಯ ಪುಡಿ ಉದುರಿತು.

"ಇದೇನ್ ಗುರು?"

"ಹಿಟ್ಟು ಅಣ್ಣ. ಅಂಟದೇ ಇರ್ಲಿ ಅಂತ ಹಾಕ್ತೀನಿ."

"ಹಿಟ್ಟು ಸುಟ್ರೆ ಕಪ್ಪಗಾಗುತ್ತೆ ಕಣೋ. ಇದು ಬೆಳ್ಳಗಿದೆ. ಇಟ್ಟಿಗೆ ಯಾವ ಫರ್ನೇಸಿಂದು?"

ನಮ್ಮಲ್ಲಿ ಎರಡು ಬಗೆಯ ಫರ್ನೇಸುಗಳಿದ್ದವು. ಒಂದರಲ್ಲಿ ಬರೀ ಒಣ ಶಾಖ. ಇನ್ನೊಂದು ಸಾಲ್ಟ್ ಬಾತ್, ಕರಗಿಸಿದ ಉಪ್ಪಿನಲ್ಲಿ ಉಕ್ಕನ್ನು ಮುಳುಗಿಸುವಂಥದ್ದು. ಅದು ಅಡುಗೆಯ ಉಪ್ಪಲ್ಲ, ವಿಷ; ಇಟ್ಟಿಗೆಯೊಳಕ್ಕೂ ಇಳಿಯುತ್ತದೆ. ಅದರ ಹತ್ತಿರ ಕೆಲಸ ಮಾಡಿದ ಕೈಯಲ್ಲಿ ನೀರೂ ಕುಡಿಯಬಾರದೆಂದು ಮೊದಲ ದಿನವೇ ನನಗೆ ಹೇಳಿದವರು ಇದೇ ಹಿರಿಯರು. ಒಂದೇ ತಿಂಗಳಲ್ಲಿ ಎರಡರ ಹಳೆಯ ಇಟ್ಟಿಗೆಯನ್ನೂ ಕಿತ್ತು, ಶೆಡ್ಡಿನ ಆಚೆಗೊಂದು ಈಚೆಗೊಂದು ರಾಶಿ ಹಾಕಿದ್ದರು. ನಾನು ಒಲೆಗೆಂದು ಇಟ್ಟಿಗೆ ಕೇಳಿದಾಗ ಸೂಪರ್‌ವೈಸರ್ "ಆ ಕಡೇದು ತಗೋ" ಎಂದು ಕೈ ತೋರಿಸಿದರು. ಆ ಕೈ ನನ್ನ ನೆನಪಿನಲ್ಲಿ ಒಮ್ಮೆ ಎಡಕ್ಕೆ ಚಾಚುತ್ತದೆ, ಒಮ್ಮೆ ಬಲಕ್ಕೆ. ತಾರಸಿಯಲ್ಲೇ ನಿಂತು ಸೂಪರ್‌ವೈಸರಿಗೆ ಫೋನ್ ಮಾಡಿದೆ. ಇಟ್ಟಿಗೆ ಕೊಟ್ಟದ್ದೇ ಅವರಿಗೆ ನೆನಪಿರಲಿಲ್ಲ.

"ಒಣ ಫರ್ನೇಸಿಂದೇ ಇರ್ಬೇಕು ಬಿಡು," ಎಂದರು ಹಿರಿಯರು, ನನ್ನ ಮುಖ ನೋಡಿ. "ಈ ಬಿಳೀದು ಸುಣ್ಣ ಗಿಣ್ಣ ಇರ್ಬಹುದು."

ಹಾಗೆ ನಂಬುವುದು ಎಷ್ಟು ಸುಲಭವಿತ್ತು. ನಾನು ನಂಬಲು ಹೊರಟ ಕೂಡಲೇ ನೆನಪು ಒಳ್ಳೆಯ ಸೇವಕನ ಹಾಗೆ ಸಾಕ್ಷಿಗಳನ್ನು ತಂದು ನಿಲ್ಲಿಸತೊಡಗಿತು: ಬಲಗಡೆ ಒಣ ಫರ್ನೇಸಿನ ರಾಶಿ, ಅದರ ಪಕ್ಕದ ಹೊಂಗೆ ಮರ, ಇಟ್ಟಿಗೆಯ ಮೇಲೆ ಬಿದ್ದ ಹೂವು ಕೂಡ. ಶೆಡ್ಡಿನ ಬಲಗಡೆ ಹೊಂಗೆ ಮರವೇ ಇಲ್ಲ ಎಂಬುದು ಆಮೇಲೆ ಹೊಳೆಯಿತು.

ಹಿರಿಯರನ್ನು ಅಲ್ಲೇ ಬಿಟ್ಟು ಕೆಳಗಿಳಿದೆ. ಹೆಂಡತಿ ಮಗಳ ತಲೆ ಬಾಚುತ್ತಿದ್ದಳು. ಇಟ್ಟಿಗೆಯ ವಿಷಯವನ್ನು ಎರಡೂ ರಾಶಿಗಳ ಸಮೇತ ಹೇಳಿದೆ.

"ಯಾವ ರಾಶಿದು ತಂದ್ರಿ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ?"

"ಎರಡೂ ಕಣ್ಮುಂದೆ ಇದೆ ಕಣೇ. ಒಂದು ಹೇಳಿದ್ರೆ ಸುಳ್ಳಾಗುತ್ತೆ."

ಅವಳು ಬಾಚಣಿಗೆ ಕೆಳಗಿಟ್ಟಳು. ಜಡೆ ಅರ್ಧಕ್ಕೇ ನಿಂತಿತ್ತು. ಹಾಗೇ ಮಗಳನ್ನು ಎತ್ತಿಕೊಂಡು ಚಪ್ಪಲಿ ಮೆಟ್ಟಿದಳು. ಸ್ಕೂಟರಿನಲ್ಲಿ ನನ್ನ ಬೆನ್ನಿಗೆ ಯಾರ ಕೈಯೂ ತಾಗಲಿಲ್ಲ.

ನರ್ಸಿಂಗ್ ಹೋಮಿನ ಡಾಕ್ಟರ್ ಚಿಕ್ಕ ವಯಸ್ಸಿನವರು. ವಾಂತಿ, ಸುಸ್ತು, ತಲೆನೋವು, ಒಂದೊಂದಾಗಿ ಕೇಳಿದರು. ಎಲ್ಲಕ್ಕೂ ಮಗಳೇ ಇಲ್ಲ ಎಂದಳು. "ಎಂಟು ತಿಂಗಳು ತಿಂದೂ ಹೀಗಿದ್ದಾಳೆ ಅಂದ್ರೆ ಒಳ್ಳೇದೇ. ಆದ್ರೂ ರಕ್ತ ಕಳಿಸೋಣ, ಯೂರಿನ್ನೂ ಕಳಿಸೋಣ," ಎಂದು ಬರೆದುಕೊಟ್ಟರು. ಸೂಜಿ ಚುಚ್ಚುವಾಗ ಮಗಳು ನನ್ನ ಕಡೆ ನೋಡಲಿಲ್ಲ, ಅಮ್ಮನ ಕತ್ತಿನಲ್ಲಿ ಮುಖ ಹುದುಗಿಸಿದಳು. ಕೊಳವೆಯಲ್ಲಿ ಆ ಕೆಂಪು ಏರುವುದನ್ನು ನೋಡುತ್ತಾ, ಇದು ಯಾವ ಬಣ್ಣ, ಎಷ್ಟು ಶಾಖ ಎಂದು ಮನಸ್ಸು ತನ್ನಷ್ಟಕ್ಕೆ ಲೆಕ್ಕ ಹಾಕುತ್ತಿತ್ತು.

ವರದಿಗಳಲ್ಲಿ ಏನೂ ಕಾಣಲಿಲ್ಲ. ಅದು ಗೊತ್ತಾದದ್ದು ಕೆಲವು ದಿನ ಕಳೆದ ಮೇಲೆ. ಇಟ್ಟಿಗೆ ಯಾವ ರಾಶಿಯದೆಂದು ಇವತ್ತಿಗೂ ಗೊತ್ತಾಗಿಲ್ಲ.

ಆವತ್ತು ಮಧ್ಯಾಹ್ನ ಮನೆಗೆ ಬಂದಾಗ ಹಿರಿಯರು ಹೊರಟುಹೋಗಿದ್ದರು. ಒಲೆಯನ್ನು ಅವರೇ ಬಿಚ್ಚಿ, ಇಟ್ಟಿಗೆಗಳನ್ನು ಗೋಣಿಚೀಲದಲ್ಲಿ ಕಟ್ಟಿಟ್ಟಿದ್ದರು. ಅಡುಗೆಮನೆಯಲ್ಲಿ, ನಾವು ಮರೆತುಹೋಗಿದ್ದ ಹಿಟ್ಟು ಪಾತ್ರೆಯ ಮುಚ್ಚಳ ಎತ್ತಿ, ಅಂಚು ದಾಟಿ, ಕಟ್ಟೆಯ ಮೇಲೆ ನಿಧಾನವಾಗಿ ಹರಡಿಕೊಂಡಿತ್ತು. ಮೂವರೂ ಬಾಗಿಲಲ್ಲಿ ನಿಂತು ನೋಡಿದೆವು. ಒಂದು ಗುಳ್ಳೆ ಉಬ್ಬಿ, ಹಿಗ್ಗಿ, ಒಡೆಯಿತು.

"ಚೆಲ್ಲಿಬಿಡ್ಲಾ?" ಎಂದೆ.

ಹೆಂಡತಿ ಪಾತ್ರೆಯಲ್ಲಿ ಉಳಿದದ್ದರಿಂದ ಒಂದು ಉಂಡೆ ತೆಗೆದು, ಗ್ಯಾಸ್ ಹಚ್ಚಿ, ದೋಸೆ ಹೆಂಚಿನ ಮೇಲೆ ಕೈಯಲ್ಲೇ ತಟ್ಟಿ, ಮುಚ್ಚಿಟ್ಟಳು. ಬೆಂದದ್ದು ಬ್ರೆಡ್ಡೂ ಅಲ್ಲ, ರೊಟ್ಟಿಯೂ ಅಲ್ಲ. ಮಗಳು ಕೈ ಚಾಚಿದಾಗ ಅವಳ ಕೈಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿ, ತಟ್ಟೆಯನ್ನು ನನ್ನ ಮುಂದೆ ಇಟ್ಟಳು.

"ಮೊದ್ಲು ನೀವು ತಿನ್ನಿ."

ತಿಂದೆ. ಇಬ್ಬರೂ ಎದುರಿಗೆ ಕೂತು, ನಾನು ಅಗಿಯುವುದನ್ನು, ನುಂಗುವುದನ್ನು ನೋಡುತ್ತಿದ್ದರು.