ಬೂಟಿನ ಅಡಿಗೆ ಹಚ್ಚಿದ ಎಣ್ಣೆ

ಅಪ್ಪೂ, ಚಿನ್ನೀ, ನಿಮ್ಮಪ್ಪನಿಗೆ, ನಾನು ಹೆತ್ತ ಮಗನಿಗೆ, ನನ್ನ ಕೈಯಿಂದಲೇ ಕುತ್ತು ಬರಲಿದ್ದ ಒಂದು ಬೆಳಗಿನ ಮಾತು ಇದು. ಎದುರು ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮಪ್ಪ ಆಗಷ್ಟೇ ತುಕ್ಕಾನಟ್ಟಿಯ ಹೊಲಗಳಾಚೆಯ ಗಾಣದಮನೆಗೆ ಬೆಲ್ಲ ಮಾಡುವ ಕೆಲಸಕ್ಕೆ ಸೇರಿದ್ದ. ಕಬ್ಬಿನ ಹಾಲು ಚೆಲ್ಲಿ ಅಲ್ಲಿಯ ನೆಲ ಸದಾ ಒದ್ದೆ. ಅವನ ಹಳೆಯ ಬೂಟಿನ ಅಡಿ ಗಟ್ಟಿ ಪ್ಲಾಸ್ಟಿಕ್ಕಿನದು, ಎರಡು ಸಲ ಜಾರಿ ಬಿದ್ದಿದ್ದ. ಗೋಕಾಕ ಪೇಟೆಯಿಂದ ಮೆತ್ತನೆ ರಬ್ಬರಿನ, ಆಳ ಗೀರುಗಳಿದ್ದ ಅಡಿಯ ಚರ್ಮದ ಬೂಟು ತಂದ.

ನಮ್ಮಲ್ಲಿ ಹೊಸ ಕಾಲ್ಮರಿಗೆ, ಅಂದರೆ ಚಪ್ಪಲಿಗೆ, ಎಣ್ಣೆ ಕುಡಿಸಿಯೇ ಮೆಟ್ಟುವುದು. ನಿಮ್ಮಜ್ಜನ ಚರ್ಮದ ಕಾಲ್ಮರಿಗೆ ಹಾಗೆ ಮಾಡಿದ ಕೈ ಇದು. ಬೂಟಿಗೂ ಕುಸುಬಿ ಎಣ್ಣೆ ತಿಕ್ಕಿ, ಅಡಿಯನ್ನೂ ಬಿಡದೆ, ರಾತ್ರಿ ಹಾಸುಗಲ್ಲಿನ ಮೇಲೆ ಇಟ್ಟೆ. ಬೆಳಿಗ್ಗೆ ಅವನು ಅದನ್ನು ಚೀಲದಲ್ಲಿ ಹಾಕಿಕೊಂಡು ಹೋದ. ಬೂಟು ಹಾಕಿಕೊಳ್ಳುತ್ತಿದ್ದುದು ಅಲ್ಲಿಯೇ.

ಕಸ ಹೊಡೆಯುತ್ತ ಆ ಹಾಸುಗಲ್ಲಿನ ಮೇಲೆ ಕಾಲಿಟ್ಟೆ. ಸರ್ರನೆ ಜಾರಿತು. ಬಾಗಿಲ ಚೌಕಟ್ಟು ಹಿಡಿದು ನಿಂತಾಗ ಹೊಳೆಯಿತು: ಬೂಟಿನ ಅಡಿಯ ಎಣ್ಣೆ ಕಲ್ಲಿಗೆ ಹತ್ತಿತ್ತು, ಆ ಬೂಟೂ ಹೀಗೆಯೇ ಜಾರೀತು. ಫೋನು ಹಚ್ಚಿದರೆ ಎತ್ತಲಿಲ್ಲ. ಹೊಲದ ಬದುವಿನ ಮೇಲೆ ಓಡಿದೆ.

ಗಾಣದಮನೆಯೊಳಗೆ ಅವನು ಒಲೆಯ ಬದಿಯ ಒಣ ಕಟ್ಟೆಯ ಮೇಲೆ ಬೂಟಿನ ದಾರ ಬಿಗಿದು ಎದ್ದಿದ್ದ. ಕೆಳಗೆ ಒದ್ದೆ ನೆಲ, ಮುಂದೆ ಕುದಿಯುವ ಕಡಾಯಿ.

"ಬಾರಲೇ, ಪಾಕ ಏರಾಕತ್ತೈತಿ!" ಎಂದು ಹಿರಿಯ ಕೆಲಸಗಾರ ಅವಸರಿಸಿದ.

ಕೂಗಿದರೆ ಬೆಚ್ಚಿ ಜಾರಿಯಾನು, ಕೂಗದಿದ್ದರೆ ಹೆಜ್ಜೆ ಇಟ್ಟಾನು. ಗಂಡಸರ ಎದುರು ಎಂದೂ ತಲೆ ಎತ್ತದವಳು ಬರಿಗಾಲಲ್ಲಿ ಒಳಗೆ ಹೋಗಿ ಅವನ ನಡು ಅಪ್ಪಿ ಹಿಡಿದೆ.

"ಯವ್ವಾ, ನೀ ಇಲ್ಲಿಗ್ಯಾಕ ಬಂದಿ?"

"ಕಾಲ ಕೆಳಗ ಇಡಬ್ಯಾಡ. ಬೂಟಿನ ಅಡಿಗೂ ಎಣ್ಣಿ ಹಚ್ಚೇನಿ."

ಅವನು ಕಟ್ಟೆಯ ಮೇಲೆಯೇ ಕೂತುಬಿಟ್ಟ. ಬೇರೊಬ್ಬ ಬಂದು ಕಡಾಯಿ ಹಿಡಿಯುವಷ್ಟರಲ್ಲಿ ಬೆಲ್ಲ ಕಪ್ಪಗಾಯಿತು. ಆಮೇಲೆ ಹಿರಿಯ ನಕ್ಕ: "ಅಕ್ಕಾರ, ಬೂಟಿಗೂ ಎಣ್ಣಿಸ್ನಾನ ಮಾಡಿಸೀರಲ್ರಿ, ಬೂಟಿಂದು ದೀಪಾವಳಿ ಏನ್ರಿ?"

ನಿಮ್ಮಪ್ಪ ನಗಲಿಲ್ಲ. ಬೂಟು ಕಳಚಿ ಬಿಸಿನೀರು, ಸೋಪು, ಬೂದಿ ಹಾಕಿ ಗೀರು ಗೀರನ್ನೂ ತಿಕ್ಕಿದ. ಒದ್ದೆ ಕಲ್ಲಿನ ಮೇಲೆ ನನ್ನ ಹೆಗಲು ಹಿಡಿದು ಒಂದು ಹೆಜ್ಜೆ ಇಟ್ಟ. ರಬ್ಬರು ಕಚ್ಚಿ ಹಿಡಿಯಿತು.

ಈಗಲೂ ಎಣ್ಣೆ ಹಚ್ಚುತ್ತೇನೆ, ಮೇಲಿನ ಚರ್ಮಕ್ಕೆ ಮಾತ್ರ. ಅವನು ಹೊರಡುವ ಮುನ್ನ ಅಡಿ ಮುಟ್ಟಿ ನೋಡುತ್ತೇನೆ, ಅವನು ಸುಮ್ಮನೆ ಕಾಯುತ್ತಾನೆ. ನನ್ನ ಕಾಲದ ನಂತರ ಆ ಅಡಿ ಮುಟ್ಟಿ ನೋಡುವವರು ನೀವೇ. ಈ ಹಾಳೆಗಳು ಎಲ್ಲಿಯೂ ಕಳೆಯದ ಹಾಗೆ ಇಟ್ಟುಕೊಳ್ಳಿರಿ.